ಶಾಲೆಯ ಬಸ್ಸು ಹೊರಟ ಮೇಲೆ ಮೈದಾನದಲ್ಲಿ ಯಾರಿರುತ್ತಾರೆ?

ಏಪ್ರಿಲ್ ಬಂತೆಂದರೆ ಹಳಿಯಾಳದ ಸುತ್ತಮುತ್ತ ಮಾವಿನಕಾಯಿಯ ಜೊತೆಗೆ ಫ್ಲೆಕ್ಸ್‌ಗಳೂ ತೂಗಾಡತೊಡಗುತ್ತವೆ. ‘ಪ್ರವೇಶ ಆರಂಭವಾಗಿದೆ’ ಎಂಬ ದಪ್ಪಕ್ಷರ, ಟೈ ಕಟ್ಟಿದ ಮಕ್ಕಳ ನಗುಮುಖ, ಕೆಳಗೆ ಸಾಲಾಗಿ ಚಿಕ್ಕ ಚಿಕ್ಕ ಚಿತ್ರಗಳು: ಈಜುಕೊಳ, ಸ್ಕೇಟಿಂಗ್, ಬಾಸ್ಕೆಟ್‌ಬಾಲ್ ಕಂಬ, ಕರಾಟೆ. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಖಾಸಗಿ ಶಾಲೆಗಳು ‘ಇಂಗ್ಲಿಷ್ ಮಾಧ್ಯಮ’, ‘ಸ್ಮಾರ್ಟ್ ಕ್ಲಾಸ್’ ಎಂದು ಪಾಲಕರನ್ನು ಕರೆಯುತ್ತಿದ್ದವು. ಈಗ ಆಟದ ಸರದಿ.

ಇದು ಸಂತೋಷದ ವಿಷಯವೇ. ಆದರೆ ಒಂದು ತೊಡಕಿದೆ. ಓದಿನಲ್ಲಿ ಯಾವ ಶಾಲೆ ಮುಂದಿದೆ ಎಂದು ತಿಳಿಯಲು ಎಸ್ಸೆಸ್ಸೆಲ್ಸಿ ಫಲಿತಾಂಶವಿದೆ. ಸರಿಯೋ ತಪ್ಪೋ, ಒಂದು ಅಂಕಿಯಂತೂ ಸಿಗುತ್ತದೆ. ಆಟದಲ್ಲಿ ಯಾವ ಶಾಲೆ ಮುಂದಿದೆ ಎಂದು ತಿಳಿಯಲು ಪಾಲಕರ ಕೈಯಲ್ಲಿ ಇರುವುದು ಆ ಫ್ಲೆಕ್ಸ್ ಮಾತ್ರ. ಮೂರು ಶಾಲೆಯ ಫ್ಲೆಕ್ಸ್ ಪಕ್ಕಪಕ್ಕ ಇಟ್ಟರೆ ಹೆಸರು ಬಿಟ್ಟು ಬೇರೇನೂ ವ್ಯತ್ಯಾಸ ಕಾಣುವುದಿಲ್ಲ.

ಹೋದ ವರ್ಷ ಈ ತೊಡಕು ನಮ್ಮ ಮನೆಗೇ ಬಂತು. ನಮ್ಮದು ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ. ಕಾಕಾನ ಮಗಳು ಏಳನೇ ತರಗತಿ ಮುಗಿಸಿದ್ದಳು. ಓಟದಲ್ಲಿ ಚುರುಕು. ವಲಯ ಮಟ್ಟದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ 600 ಮೀಟರ್‌ನಲ್ಲಿ ಮೊದಲು ಬಂದಿದ್ದಳು. ಎಂಟನೇ ತರಗತಿಗೆ ಆಟಕ್ಕೂ ಬೆಲೆ ಕೊಡುವ ಶಾಲೆಗೆ ಸೇರಿಸಬೇಕೆಂಬುದು ಕಾಕಾನ ಆಸೆ. ಕಬ್ಬಿನ ಬಿಲ್ ಬಂದರೆ ಒಂದು ವರ್ಷದ ಫೀ ಹೊಂದುತ್ತದೆ. ಎರಡನೇ ವರ್ಷದ್ದು ದೇವರ ಮೇಲೆ. “ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಯಾವ ಸಾಲಿ ಚಲೋ ಅಂತ ಒಂದು ಲೆಕ್ಕಾ ಹಾಕಿ ಹೇಳು” ಎಂದರು. ಬಿಇ ಓದುವವನಿಗೆ ಊರಲ್ಲಿ ಮೋಟಾರು ಪಂಪ್ ರಿಪೇರಿಯಿಂದ ಹಿಡಿದು ಶಾಲೆ ಆಯ್ಕೆಯವರೆಗೆ ಎಲ್ಲವೂ ಗೊತ್ತಿರಬೇಕು ಎಂಬುದು ನಿಯಮ. ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಶೀಟ್ ತೆರೆದು, ಹಳಿಯಾಳ, ದಾಂಡೇಲಿ, ಧಾರವಾಡದ ಕೆಲವು ಶಾಲೆಗಳಿಗೆ ಹೋಗಿ ಬಂದೆ. ಆ ಓಡಾಟದಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ತಂಗಿಯೋ ತಮ್ಮನೋ ಇದ್ದರೆ ಈ ಪ್ರಶ್ನೆ ನಿಮ್ಮ ಬಳಿಗೂ ಬರುತ್ತದೆ.

ಒಂದೇ ಹೆಸರು, ನಾಲ್ಕು ಬಗೆ

‘ನಮ್ಮಲ್ಲಿ ಕ್ರೀಡೆಗೆ ಒತ್ತು ಕೊಡುತ್ತೇವೆ’ ಎಂದು ಎಲ್ಲ ಖಾಸಗಿ ಶಾಲೆಗಳೂ ಹೇಳುತ್ತವೆ. ಆದರೆ ಆ ಒತ್ತು ನಾಲ್ಕು ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ.

ಮೊದಲನೆಯದು ಹಳೆಯ ನಗರಗಳ ಶಾಲೆಗಳ ಬಗೆ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಶುರುವಾದದ್ದು 1865ರಲ್ಲಿ. ಇಂಥ ಶಾಲೆಗಳಲ್ಲಿ ಮಕ್ಕಳನ್ನೆಲ್ಲ ‘ಹೌಸ್’ಗಳಾಗಿ ಹಂಚಿ, ಹೌಸ್ ಹೌಸ್‌ಗಳ ನಡುವೆ ವರ್ಷವಿಡೀ ಪಂದ್ಯ ಆಡಿಸುವ ಪದ್ಧತಿ ಇದೆ. ಶಾಲಾ ತಂಡಕ್ಕೆ 11 ಜನ ಬೇಕಾದರೆ ಹೌಸ್ ತಂಡಗಳಿಗೆ 44 ಜನ ಬೇಕು. ಸಾಧಾರಣ ಆಟಗಾರನಿಗೂ ಹೀಗೆ ಒಂದು ಜಾಗ ಹುಟ್ಟುತ್ತದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಶಾಲೆಯಲ್ಲಿ ಓದಿದ ರಾಹುಲ್ ದ್ರಾವಿಡ್‌ರಂಥವರಿಗೆ ಶಾಲೆಯ ಮೈದಾನದ ಜೊತೆಗೆ ಕೆಎಸ್‌ಸಿಎ ನಡೆಸುವ ಅಂತರ ಶಾಲಾ ಟೂರ್ನಿಗಳೂ ಇದ್ದವು. ಅಂದರೆ ಶಾಲೆ ಒಂದೇ ಅಲ್ಲ, ಸುತ್ತಲಿನ ಹತ್ತಾರು ಶಾಲೆಗಳೂ ಆಡುವ ಊರು ಬೇಕು.

ಎರಡನೆಯದು ದತ್ತು ಪಡೆಯುವ ಬಗೆ. ಇದಕ್ಕೆ ಕರ್ನಾಟಕದ ದೊಡ್ಡ ಉದಾಹರಣೆ ಡಾ. ಎಂ. ಮೋಹನ ಆಳ್ವ ಕಟ್ಟಿದ ಮೂಡುಬಿದಿರೆಯ ಆಳ್ವಾಸ್. ಆಯ್ಕೆಯಾದ ಕ್ರೀಡಾಪಟುಗಳಿಗೆ ಶಿಕ್ಷಣ, ವಸತಿ, ಊಟ ಎಲ್ಲವನ್ನೂ ಸಂಸ್ಥೆಯೇ ನೋಡಿಕೊಳ್ಳುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಮೂಡುಬಿದಿರೆಯಂಥ ಚಿಕ್ಕ ಪಟ್ಟಣದಲ್ಲಿ ನಡೆಯಿತು ಎಂದರೆ, ಅಲ್ಲಿ ಹಾಕಿದ ದುಡಿಮೆ ಎಷ್ಟೆಂದು ಊಹಿಸಬಹುದು. ಬಡ ಮನೆಯ ಪ್ರತಿಭೆಗೆ ಇದಕ್ಕಿಂತ ದೊಡ್ಡ ಬಾಗಿಲು ಖಾಸಗಿಯಲ್ಲಿ ಕಡಿಮೆ. ಆದರೆ ದತ್ತು ಎಂಬುದು ಆಯ್ಕೆಯಾದವರಿಗೆ. ಒಳಗೆ ಹೋಗುವ ಮೊದಲೇ ನೀವು ಗೆದ್ದು ತೋರಿಸಿರಬೇಕು.

ಮೂರನೆಯದು ಆಟವನ್ನೇ ನಡುವೆ ಇಟ್ಟು ಪಾಠವನ್ನು ಅದರ ಸುತ್ತ ಹೊಂದಿಸುವ ಶಾಲೆ. ಬೆಂಗಳೂರಿನ ಕನಕಪುರ ರಸ್ತೆಯ ಕಡೆ ಇರುವ ‘ದಿ ಸ್ಪೋರ್ಟ್ಸ್ ಸ್ಕೂಲ್’ ಅಂಥದ್ದು. ಬೆಳಿಗ್ಗೆ ತರಬೇತಿ, ನಡುವೆ ಪಾಠ, ಸಂಜೆ ಮತ್ತೆ ತರಬೇತಿ ಎಂಬ ಬದುಕು. ಇಂಥಲ್ಲಿ ಆಟಕ್ಕೆ ತಕ್ಕ ತಜ್ಞರಿರುತ್ತಾರೆ. ಅದರ ಖರ್ಚು ಸಾಮಾನ್ಯ ರೈತನ ಮನೆಗೆ ನಿಲುಕುವಂಥದ್ದಲ್ಲ.

ನಾಲ್ಕನೆಯದೇ ನಮ್ಮ ನಿಮ್ಮ ತಾಲ್ಲೂಕಿನ ಖಾಸಗಿ ಶಾಲೆ. ಒಬ್ಬರು ದೈಹಿಕ ಶಿಕ್ಷಕರು, ಒಂದು ಅಂಗಳ, ಒಂದು ಕೋಣೆಯಲ್ಲಿ ಬೀಗ ಹಾಕಿದ ಚೆಂಡುಗಳು. ಕರಾಟೆ, ಸ್ಕೇಟಿಂಗ್‌ಗೆ ಹೊರಗಿನವರು ವಾರಕ್ಕೊಮ್ಮೆ ಬರುತ್ತಾರೆ, ಅದಕ್ಕೆ ಪ್ರತ್ಯೇಕ ಫೀ. ನಮ್ಮ ಕಡೆ ಖಾಸಗಿ ಶಾಲೆಗೆ ಹೋಗುವ ಮಕ್ಕಳು ಆಡುವುದು ಅಥವಾ ಆಡದೇ ಇರುವುದು ಇಂಥ ಶಾಲೆಗಳಲ್ಲೇ. ಮೊದಲ ಮೂರು ಬಗೆಯ ಫೋಟೊ ತೋರಿಸಿ ನಾಲ್ಕನೇ ಬಗೆಯದನ್ನು ಮಾರುವುದು ಫ್ಲೆಕ್ಸ್‌ಗಳ ಜಾಣತನ. ಹಾಗಾಗಿ ಹೋಲಿಕೆ ಮಾಡಬೇಕಾದ್ದು ಮೂಡುಬಿದಿರೆಯ ಜೊತೆಗಲ್ಲ, ನಾಲ್ಕನೇ ಬಗೆಯ ಒಂದು ಶಾಲೆಯನ್ನು ಅದೇ ಬಗೆಯ ಇನ್ನೊಂದರ ಜೊತೆಗೆ.

ಎಕರೆಯ ಲೆಕ್ಕ

‘ಐದು ಎಕರೆ ಕ್ಯಾಂಪಸ್’ ಎಂಬ ಮಾತು ಎಲ್ಲ ಕಡೆ ಕೇಳಿದೆ. ಸ್ವಲ್ಪ ಅಳತೆ ಹಾಕೋಣ. ಎಂಟು ಲೇನ್‌ನ 400 ಮೀಟರ್ ಟ್ರ್ಯಾಕ್‌ಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ ಬೇಕು. ಗುಣಿಸಿದರೆ ನಾಲ್ಕು ಎಕರೆ ದಾಟುತ್ತದೆ. ಕಟ್ಟಡ, ಬಸ್ ನಿಲ್ಲುವ ಜಾಗ ಕಳೆದ ಮೇಲೆ ಐದು ಎಕರೆಯ ಶಾಲೆಯಲ್ಲೂ ಪೂರ್ಣ ಟ್ರ್ಯಾಕ್ ಕೂರುವುದು ಕಷ್ಟ. ಹಾಗಿದ್ದರೆ ಚಿಕ್ಕ ಶಾಲೆಗೆ ಆಟವೇ ಇಲ್ಲವೇ? ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಕೊಕ್ಕೊ ಅಂಕಣ 27 ಮತ್ತು 16. ಎರಡೂ ಸೇರಿ ಆರು ಗುಂಟೆಯೂ ಆಗುವುದಿಲ್ಲ. ಸುತ್ತ ಓಡಾಡಲು ಜಾಗ ಬಿಟ್ಟರೂ ಹತ್ತು ಗುಂಟೆಯಲ್ಲಿ ಎರಡು ಆಟ ಗಟ್ಟಿಯಾಗಿ ಕಲಿಸಬಹುದು.

ಹತ್ತು ಗುಂಟೆಯಲ್ಲಿ ಎರಡು ಆಟ ಕಲಿಸುವ ಶಾಲೆ, ಐದು ಎಕರೆಯಲ್ಲಿ ಒಂದನ್ನೂ ಕಲಿಸದ ಶಾಲೆ, ಎರಡೂ ನಮ್ಮ ಸುತ್ತ ಇವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕೆಂದು 2009ರಲ್ಲೇ ಬರೆದಾಗಿದೆ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಇದು ಖಾಸಗಿ ಶಾಲೆಗೂ ಅನ್ವಯಿಸುವ ಮಾನದಂಡ. ಮೈದಾನ ಇರುವುದು ಶಾಲೆಯ ಹೆಚ್ಚುಗಾರಿಕೆಯಲ್ಲ, ಕನಿಷ್ಠ ಕರ್ತವ್ಯ. ಆದ್ದರಿಂದ ನನ್ನ ಶೀಟ್‌ನಲ್ಲಿ ಎಕರೆಗೆ ಕಾಲಂ ಇಡಲಿಲ್ಲ.

ಪೀರಿಯಡ್‌ನ ಲೆಕ್ಕ

ಅದರ ಬದಲು ಇಟ್ಟ ಮೊದಲ ಕಾಲಂ, ಪಿಟಿ ಪೀರಿಯಡ್ ನಿಜವಾಗಿ ನಡೆಯುತ್ತದೆಯೇ ಎಂಬುದು. ಇದಕ್ಕೂ ಸರಳ ಗಣಿತ ಸಾಕು. ಒಂದರಿಂದ ಹತ್ತನೇ ತರಗತಿವರೆಗೆ ಎರಡೆರಡು ವಿಭಾಗ ಇದ್ದರೆ 20 ವಿಭಾಗ. ವಾರಕ್ಕೆ ಎರಡು ಪೀರಿಯಡ್ ಎಂದರೆ 40. ಒಬ್ಬರೇ ದೈಹಿಕ ಶಿಕ್ಷಕರು ಬೆವರು ಸುರಿಸಿ 30 ಪೀರಿಯಡ್ ತೆಗೆದುಕೊಂಡರೂ ಹತ್ತು ಉಳಿಯುತ್ತವೆ. ಆ ಹತ್ತನ್ನು ಎರಡು ವಿಭಾಗ ಕೂಡಿಸಿ ಮುಗಿಸುತ್ತಾರೆ, ಇಲ್ಲವೇ ಗಣಿತದವರು ಎತ್ತಿಕೊಳ್ಳುತ್ತಾರೆ. ವೇಳಾಪಟ್ಟಿಯಲ್ಲಿ ಮಾತ್ರ ಎಲ್ಲವೂ ಇರುತ್ತದೆ.

ಸಿಬಿಎಸ್‌ಇ 2018–19ರಿಂದ 9ರಿಂದ 12ನೇ ತರಗತಿಗೆ ದಿನಕ್ಕೊಂದು ಆರೋಗ್ಯ ಮತ್ತು ದೈಹಿಕ ಶಿಕ್ಷಣ ಪೀರಿಯಡ್ ಕಡ್ಡಾಯ ಮಾಡಿತು. ಹತ್ತನೇ ತರಗತಿಯ ಮಕ್ಕಳನ್ನೇ ಕೇಳಿ ನೋಡಿ, ನಿನ್ನೆ ಆಡಿದಿರಾ ಎಂದು. ನಾನು ಹೋದ ಒಂದು ಶಾಲೆಯಲ್ಲಿ ಮುಖ್ಯಸ್ಥರು ವೇಳಾಪಟ್ಟಿ ತೋರಿಸುತ್ತಿದ್ದಾಗಲೇ, ಪಿಟಿ ಎಂದು ಬರೆದಿದ್ದ ಹೊತ್ತಿನಲ್ಲಿ ಪಕ್ಕದ ಕೋಣೆಯಿಂದ ತ್ರಿಕೋನಮಿತಿ ಕೇಳಿಬರುತ್ತಿತ್ತು.

ಎರಡನೇ ಕಾಲಂ, ಕಲಿಸುವವರು ಯಾರು ಎಂಬುದು. ಬಿಪಿಎಡ್ ಮಾಡಿದ ದೈಹಿಕ ಶಿಕ್ಷಕರು ಬೇರೆ, ಒಂದು ಆಟದ ತರಬೇತುದಾರರು ಬೇರೆ. ಮೊದಲನೆಯವರು ಎಲ್ಲ ಮಕ್ಕಳಿಗೂ ವ್ಯಾಯಾಮ, ಆಟದ ರೂಢಿ ಮಾಡಿಸುವವರು. ಎರಡನೆಯವರು 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಂಥ ಕಡೆ ಒಂದೇ ಆಟದಲ್ಲಿ ಡಿಪ್ಲೊಮಾ ಮಾಡಿದವರು. ನಾವು ‘ಎನ್‌ಐಎಸ್ ಕೋಚ್’ ಎನ್ನುತ್ತೇವಲ್ಲ, ಅವರು. ಶಾಲೆಗೆ ಮೊದಲನೆಯವರು ಬೇಕೇಬೇಕು, ಎರಡನೆಯವರಿದ್ದರೆ ಭಾಗ್ಯ. ಆದರೆ ಪದವಿಗಿಂತ ಮುಖ್ಯವಾದ ಒಂದು ಪ್ರಶ್ನೆ ಇದೆ: ಇದೇ ಶಿಕ್ಷಕರು ಹೋದ ವರ್ಷವೂ ಇದ್ದರೇ?

ಬಿಪಿಎಡ್ ಮುಗಿಸಿ ಖಾಸಗಿ ಶಾಲೆಯೊಂದಕ್ಕೆ ಸೇರಿದ ಪರಿಚಯದ ಅಣ್ಣನೊಬ್ಬನಿಗೆ ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳ ಒಪ್ಪಂದ. ಏಪ್ರಿಲ್, ಮೇ ಸಂಬಳ ಇಲ್ಲ. ಜೊತೆಗೆ ಬೆಳಿಗ್ಗೆ ಗೇಟ್ ಡ್ಯೂಟಿ, ಸಂಜೆ ಬಸ್ ಡ್ಯೂಟಿ. ಆತ ಎರಡನೇ ವರ್ಷಕ್ಕೆ ಬೇರೆ ಕಡೆ ಹೋದ. ಓಟಗಾರ್ತಿಯೊಬ್ಬಳ ಹೆಜ್ಜೆಯ ಲಯ ತಿದ್ದಲು, ಮೊಣಕಾಲು ನೋವು ಯಾವುದು ಸೋಮಾರಿತನ ಯಾವುದು ಎಂದು ಗುರುತಿಸಲು ವರ್ಷಗಳು ಬೇಕು. ವರ್ಷಕ್ಕೊಬ್ಬ ಶಿಕ್ಷಕ ಬದಲಾದರೆ ಮಗು ಪ್ರತಿ ಜೂನ್‌ನಲ್ಲೂ ಮೊದಲಿನಿಂದ ಶುರುಮಾಡುತ್ತದೆ. ಈ ಪುಟ ಓದುವವರಲ್ಲಿ ಬಿಪಿಎಡ್ ಮಾಡುತ್ತಿರುವವರೂ ಇರಬಹುದು. ನಿಮ್ಮ ಕೆಲಸದ ಭದ್ರತೆಯೂ ಶಾಲೆಯ ಕ್ರೀಡಾ ಗುಣಮಟ್ಟವೂ ಒಂದೇ ಹಗ್ಗದ ಎರಡು ತುದಿ.

ಬಸ್ಸೇ ಆಯ್ಕೆ ಸಮಿತಿ

ಮೂರನೇ ಕಾಲಂ ನಮ್ಮಂಥ ಹಳ್ಳಿಯವರಿಗೆ ಎಲ್ಲಕ್ಕಿಂತ ದೊಡ್ಡದು. ಅದು ಯಾವ ಕರಪತ್ರದಲ್ಲೂ ಇರುವುದಿಲ್ಲ. ಶಾಲೆ ಬಿಡುವುದು ನಾಲ್ಕಕ್ಕೆ. ಶಾಲೆಯ ಬಸ್ಸು ಹೊರಡುವುದು ನಾಲ್ಕೂ ಕಾಲಿಗೆ. ಆಟದ ಅಭ್ಯಾಸ ಶುರುವಾಗುವುದು ನಾಲ್ಕೂವರೆಗೆ. ಈಗ ಹೇಳಿ, ಸಾಂಬ್ರಾಣಿಯ ಹುಡುಗಿ ಅಭ್ಯಾಸಕ್ಕೆ ಉಳಿಯುವುದು ಹೇಗೆ?

ಹದಿನೈದು ನಿಮಿಷದ ಅಂತರ. ಅದರಲ್ಲೇ ಇಡೀ ತಾಲ್ಲೂಕಿನ ಹಳ್ಳಿಗಳ ಮಕ್ಕಳು ಶಾಲಾ ತಂಡದಿಂದ ಹೊರಗುಳಿಯುತ್ತಾರೆ. ಅವರನ್ನು ಯಾರೂ ಕೈಬಿಟ್ಟಿಲ್ಲ, ಯಾರೂ ಬೇಡ ಎಂದಿಲ್ಲ. ಬಸ್ಸು ಹೊರಟಿತು, ಅಷ್ಟೇ. ಜೊಯಿಡಾದ ಕಡೆಯ ಮಕ್ಕಳ ಸ್ಥಿತಿ ಇನ್ನೂ ಕಠಿಣ. ಕಾಡಿನ ನಡುವಿನ ಊರುಗಳು, ಸಂಜೆಯ ಬಸ್ಸು ಒಂದು ತಪ್ಪಿದರೆ ಮತ್ತೊಂದರ ಖಾತರಿ ಇಲ್ಲ. ಇದರಲ್ಲಿ ಹೆಣ್ಣುಮಕ್ಕಳ ಪಾಡು ಬೇರೆ. ಗಂಡುಹುಡುಗ ಯಾರದೋ ಬೈಕ್ ಹಿಂದೆ ಕೂತು ಏಳು ಗಂಟೆಗೆ ಮನೆ ಸೇರಿದರೆ ಯಾರೂ ಕೇಳುವುದಿಲ್ಲ. ಹುಡುಗಿ ಕತ್ತಲಾದ ಮೇಲೆ ಬಸ್ಸಿಳಿದರೆ ಮರುದಿನವೇ ಆಟ ನಿಲ್ಲುತ್ತದೆ.

ಹಾಗಾಗಿ ಶಾಲೆಗಳಲ್ಲಿ ಎರಡು ಪ್ರಶ್ನೆ ಕೇಳಿದೆ. ಅಭ್ಯಾಸದ ಮಕ್ಕಳಿಗೆ ಎರಡನೇ ಟ್ರಿಪ್ ಇದೆಯೇ? ಇಲ್ಲವಾದರೆ ಅಭ್ಯಾಸ ಬೆಳಿಗ್ಗೆಯೋ ಮಧ್ಯಾಹ್ನದ ಕೊನೆ ಪೀರಿಯಡ್‌ಗೋ ಬರುತ್ತದೆಯೇ? ಈಜುಕೊಳ ತೋರಿಸಿದ ಶಾಲೆಯವರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕಂಡಿತು. ಹೆಂಚಿನ ಕಟ್ಟಡದ ಒಂದು ಶಾಲೆಯ ದೈಹಿಕ ಶಿಕ್ಷಕರು ಮಾತ್ರ, “ಹಳ್ಳಿ ಮಕ್ಕಳಿಗೆ ಕೊನೆಯ ಪೀರಿಯಡ್ ಬಿಡಸ್ಕೊಂಡೀನ್ರಿ, ಐದಕ್ಕೆ ಸರ್ಕಾರಿ ಬಸ್ ಹತ್ತಸ್ತೀನಿ” ಎಂದರು. ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪ್ರತಿ ಮಗುವಿನ ಹೆಸರು, ಅದರ ಮುಂದೆ ತಿಂಗಳು ತಿಂಗಳ ಓಟದ ಸಮಯ. ನಾನು ನೋಡಿದ ಶಾಲೆಗಳಲ್ಲಿ ಹಾಗೆ ಬರೆದಿಟ್ಟಿದ್ದ ನೋಟ್‌ಬುಕ್ ಅದೊಂದೇ.

ಯಾವ ಪ್ರಮಾಣಪತ್ರ ಎಲ್ಲಿ ನಡೆಯುತ್ತದೆ?

ಕೆಲಸ ಹುಡುಕುತ್ತಿರುವ ನಮ್ಮ ವಯಸ್ಸಿನವರು ಗಮನಿಸಬೇಕಾದ್ದು ನಾಲ್ಕನೇ ಕಾಲಂ. ಶಾಲೆಯ ಹಜಾರದಲ್ಲಿ ಗಾಜಿನ ಕಪಾಟಿನ ತುಂಬ ಕಪ್‌ಗಳಿರುತ್ತವೆ. ಅವುಗಳಲ್ಲಿ ಎಷ್ಟೋ ಖಾಸಗಿ ಆಹ್ವಾನಿತ ಟೂರ್ನಿಗಳವು. ‘ನ್ಯಾಷನಲ್’, ‘ಇಂಟರ್‌ನ್ಯಾಷನಲ್’ ಎಂಬ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಮಗುವಿಗೆ ಅನುಭವವಂತೂ ಸಿಗುತ್ತದೆ. ಆದರೆ ಮುಂದೆ ನೌಕರಿಯ ಅರ್ಜಿಗೆ ಲಗತ್ತಿಸಿದಾಗ ಆ ಕಾಗದಕ್ಕೆ ಬೆಲೆ ಬರುವುದು ಕಷ್ಟ.

ಬೆಲೆ ಇರುವ ದಾರಿ ಶಿಕ್ಷಣ ಇಲಾಖೆಯ ಏಣಿ. ನಮ್ಮ ಕಡೆ ಅದು ವಲಯ, ತಾಲ್ಲೂಕು, ಶಿರಸಿ ಶೈಕ್ಷಣಿಕ ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಏರುತ್ತದೆ. ರಾಜ್ಯದಲ್ಲಿ ಆಯ್ಕೆಯಾದವರು ಭಾರತ ಶಾಲಾ ಕ್ರೀಡಾ ಒಕ್ಕೂಟದ, ಅಂದರೆ ಎಸ್‌ಜಿಎಫ್‌ಐನ ರಾಷ್ಟ್ರೀಯ ಕೂಟಕ್ಕೆ ಹೋಗುತ್ತಾರೆ. ಅಲ್ಲಿ 14, 17, 19 ವರ್ಷದೊಳಗಿನವರು ಎಂಬ ವಿಭಾಗಗಳಿವೆ. ಸಿಬಿಎಸ್‌ಇ ಶಾಲೆಗಳಿಗೆ ಮಂಡಳಿಯದೇ ಬೇರೆ ಕೂಟಗಳಿವೆ. ಅಲ್ಲಿ ಗೆದ್ದವರು ಮಂಡಳಿಯ ತಂಡವಾಗಿ ಎಸ್‌ಜಿಎಫ್‌ಐಗೆ ಹೋಗುತ್ತಾರೆ. ಅಂದರೆ ಪಠ್ಯಕ್ರಮ ಆರಿಸುವಾಗಲೇ ಮಗು ಯಾವ ಏಣಿ ಹತ್ತುತ್ತದೆ ಎಂಬುದೂ ತೀರ್ಮಾನವಾಗಿಬಿಡುತ್ತದೆ. ಸಿಬಿಎಸ್‌ಇ ಕೂಟಕ್ಕೆ ದೂರದ ಊರಿಗೆ ಹೋಗಬೇಕಾದಾಗ ಖರ್ಚು ಯಾರದು ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಕ್ರೀಡಾ ಕೋಟಾ ನಿಯಮ ತೆಗೆದು ಓದಿ. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರು, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ತಮ್ಮ ವಿ.ವಿ.ಯನ್ನು ಪ್ರತಿನಿಧಿಸಿದವರು, ಶಾಲಾ ಒಕ್ಕೂಟದ ರಾಷ್ಟ್ರೀಯ ಕೂಟದಲ್ಲಿ ರಾಜ್ಯ ಶಾಲಾ ತಂಡದಲ್ಲಿ ಆಡಿದವರು ಎಂದು ಅಲ್ಲಿ ಸ್ಪಷ್ಟವಾಗಿದೆ. ಆಟಗಳಿಗೂ ಪಟ್ಟಿ ಇದೆ. 2020ರಲ್ಲಿ ಆ ಪಟ್ಟಿ 43ರಿಂದ 63ಕ್ಕೆ ಏರಿತು, ಮಲ್ಲಕಂಬ, ಹಗ್ಗಜಗ್ಗಾಟಗಳೂ ಸೇರಿದವು. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಿಗೆ ಅವರವರದೇ ನಿಯಮಗಳಿವೆ. ನಮ್ಮ ಸಿಇಟಿಯಲ್ಲೂ ಕ್ರೀಡಾ ಕೋಟಾದ ಸೀಟುಗಳಿವೆ. ಅಲ್ಲಿ ಸಹ ಯಾವ ಮಟ್ಟದ ಕೂಟ ಎಂಬುದೇ ಮುಖ್ಯ. ಶಾಲೆಯ ಕಪಾಟಿನಲ್ಲಿ ಎಷ್ಟು ಕಪ್ ಇವೆ ಎಂದು ಕೇಳುವ ಬದಲು, ಕಳೆದ ಮೂರು ವರ್ಷ ಇಲಾಖೆಯ ತಾಲ್ಲೂಕು ಕೂಟಕ್ಕೆ ಎಷ್ಟು ಮಕ್ಕಳನ್ನು ಕರೆದೊಯ್ದಿರಿ ಎಂದು ಕೇಳಿ. ‘ಓದು ಹಾಳಾಗುತ್ತದೆ’ ಎಂದು ಇಲಾಖೆಯ ಕೂಟಕ್ಕೆ ಕಳಿಸದೆ ಕುಳಿತ ಶಾಲೆಯನ್ನೂ ನೋಡಿದೆ.

ಆದರೆ ಕೋಟಾದ ಆಸೆಗಾಗಿ ಮಗುವನ್ನು ಓಡಿಸಬೇಡಿ. ರಾಜ್ಯ ತಂಡದ ಅಂಗಿ ತೊಡುವವರು ಬೆರಳೆಣಿಕೆ. ಉಳಿದವರಿಗೆ ಆಟ ಕೊಡುವುದು ಗಟ್ಟಿ ದೇಹ, ಸೋತರೂ ಮರುದಿನ ಬರುವ ಅಭ್ಯಾಸ, ನಾಲ್ಕು ಜನರೊಡನೆ ಹೊಂದಿಕೊಳ್ಳುವ ಗುಣ. ಅವರೆಲ್ಲರಿಗೂ ಇಷ್ಟನ್ನಾದರೂ ಕೊಡುವ ಶಾಲೆಯೇ ಒಳ್ಳೆಯ ಶಾಲೆ.

ನಿಂತುಹೋದ ಯೋಜನೆಯ ಪಾಠ

ಐದನೇ ಕಾಲಂ ಹೊಳೆದದ್ದು ನಮ್ಮದೇ ತಾಲ್ಲೂಕುಗಳ ಹಳೆಯ ಕಥೆಯಿಂದ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆಯಡಿ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಕ್ಕಳನ್ನು ಆರಿಸಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರ ಬಳಿ ಇತ್ತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥ ಅಥ್ಲೀಟ್‌ಗಳು ಆ ಯೋಜನೆಯಿಂದ ಮೇಲೆ ಬಂದರು. ಕಾಡಂಚಿನ ಮನೆಯ ಮಕ್ಕಳು ರಾಷ್ಟ್ರಮಟ್ಟದ ಟ್ರ್ಯಾಕ್‌ನಲ್ಲಿ ಪದಕ ಗೆದ್ದರು. 1993ಕ್ಕೆ ಯೋಜನೆ ನಿಂತಿತು.

ಆರೇ ವರ್ಷ. ಹತ್ತು ವರ್ಷದ ಮಗುವನ್ನು ಆರಿಸಿದರೆ ಆರು ವರ್ಷದ ನಂತರ ಅದಕ್ಕೆ ಹದಿನಾರು. ನಿಜವಾದ ಓಟ ಶುರುವಾಗುವ ವಯಸ್ಸು. ಸಿದ್ದಿಗಳೆಂದರೆ ಹುಟ್ಟಾ ಓಟಗಾರರು ಎಂಬ ಮಾತು ನಮ್ಮ ಕಡೆ ಈಗಲೂ ಚಾಲ್ತಿಯಲ್ಲಿದೆ. ನನ್ನ ಸಿದ್ದಿ ಗೆಳೆಯರು ಅದನ್ನು ಕೇಳಿ ನಗುತ್ತಾರೆ. ಹುಟ್ಟಿನಿಂದಲೇ ಎಲ್ಲ ಬರುವುದಾದರೆ ಯೋಜನೆ ನಿಂತ ಮೇಲೂ ಪದಕಗಳು ಅದೇ ಲೆಕ್ಕದಲ್ಲಿ ಬರಬೇಕಿತ್ತಲ್ಲ? ಬೇಕಾಗಿದ್ದು ಊಟ, ಬೂಟು, ಕೋಚ್ ಮತ್ತು ನಿಲ್ಲದ ವರ್ಷಗಳು. ಈಚಿನ ವರ್ಷಗಳಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಮುಂಡಗೋಡದಿಂದ ಶುರುಮಾಡಿ ಸಿದ್ದಿ ಮಕ್ಕಳಿಗೆ ಮತ್ತೆ ಅಥ್ಲೆಟಿಕ್ಸ್ ಕಲಿಸುತ್ತಿದೆ. ಹಳಿಯಾಳದಲ್ಲಿ ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯವಿದೆ. ಮಣ್ಣಿನ ಕುಸ್ತಿಯ ಊರಿನಲ್ಲಿ ಇಂದು ಹೆಣ್ಣುಮಕ್ಕಳೂ ಮ್ಯಾಟ್ ಮೇಲೆ ಇಳಿಯುತ್ತಿದ್ದಾರೆ ಎಂದರೆ, ಊಟ, ವಸತಿ, ತರಬೇತಿ ಮೂರೂ ಒಂದೇ ಸೂರಿನಡಿ ವರ್ಷ ವರ್ಷವೂ ಸಿಗುತ್ತಿರುವುದು ದೊಡ್ಡ ಕಾರಣ. ನಮ್ಮ ತಂಗಿ ಕುಸ್ತಿಯವಳಾಗಿದ್ದರೆ ನನ್ನ ಎಕ್ಸೆಲ್ ಶೀಟ್ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಓಟದವಳು, ಓಟಕ್ಕಾದರೆ ಮನೆ ಬಿಟ್ಟು ದೂರ ಹೋಗಬೇಕು. ಕಾಕಿ ಅದಕ್ಕೆ ಒಪ್ಪಲಿಲ್ಲ.

ಖಾಸಗಿ ಶಾಲೆಗೂ ಇದೇ ಪರೀಕ್ಷೆ. ಈ ತರಬೇತಿ ಹತ್ತನೇ ತರಗತಿಯವರೆಗೆ ಇರುತ್ತದೆಯೇ, ಅಥವಾ ಒಂಬತ್ತಕ್ಕೇ ‘ಇನ್ನು ಓದು’ ಎಂದು ನಿಲ್ಲಿಸುತ್ತೀರಾ? ಕಾಲು ಉಳುಕಿ ಒಂದು ವರ್ಷ ಓಡಲಾಗದಿದ್ದರೆ ಫೀ ರಿಯಾಯಿತಿ ಮುಂದುವರಿಯುತ್ತದೆಯೇ? ‘ಗೆದ್ದರೆ ಅರ್ಧ ಫೀ’ ಎಂದ ಶಾಲೆಯೊಂದಕ್ಕೆ ಈ ಪ್ರಶ್ನೆ ಕೇಳಿದಾಗ, ‘ಆವಾಗ ನೋಡೋಣ’ ಎಂಬ ಉತ್ತರ ಬಂತು. ಶೀಟ್‌ನಲ್ಲಿ ಅದನ್ನು ‘ಇಲ್ಲ’ ಎಂದೇ ತುಂಬಿಕೊಂಡೆ.

ಕಾಕಾ ಆರಿಸಿದ್ದು

ಶೀಟ್ ಕಾಕಾನ ಮುಂದಿಟ್ಟೆ. ಬಣ್ಣ ಬಣ್ಣದ ಕೋಷ್ಟಕವನ್ನು ಅವರು ಎರಡು ನಿಮಿಷ ನೋಡಿ, “ಐದಕ್ಕ ಬಸ್ ಹತ್ತಸ್ತೀನಿ ಅಂದ ಮಾಸ್ತರ್ ಯಾವ ಸಾಲಿಯವ್ರು?” ಎಂದು ಕೇಳಿದರು. ಅಲ್ಲಿಗೇ ಸೇರಿಸಿದರು. ಸಂಜೆಯ ಸರ್ಕಾರಿ ಬಸ್ಸಿಗೆ ಅವಳಿಗೆ ಟಿಕೆಟ್ ದುಡ್ಡೂ ಬೇಕಾಗಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಊರಿನ ಇನ್ನಿಬ್ಬರು ಹುಡುಗಿಯರೂ ಸೇರಿದ್ದರಿಂದ ಬಸ್ಸಿಳಿದ ಮೇಲಿನ ದಾರಿಗೆ ಜೊತೆಯಾಯಿತು.

ಆ ವರ್ಷ ತಾಲ್ಲೂಕು ಕೂಟದಲ್ಲಿ ಅವಳು ನಾಲ್ಕನೆಯವಳಾದಳು. ಮೂವರಿಗೆ ಮಾತ್ರ ಪದಕ. ಫ್ಲೆಕ್ಸ್‌ನಲ್ಲಿ ಹಾಕುವಂಥದ್ದೇನೂ ಆಗಲಿಲ್ಲ. ಆದರೆ ಮಾಸ್ತರರ ನೋಟ್‌ಬುಕ್‌ನಲ್ಲಿ ಜುಲೈನ ಸಮಯಕ್ಕಿಂತ ಫೆಬ್ರುವರಿಯ ಸಮಯ ಕಡಿಮೆ ಇದೆ, ಮತ್ತು ಆ ಮೂವರು ಹುಡುಗಿಯರಲ್ಲಿ ಒಬ್ಬಳೂ ಅಭ್ಯಾಸ ಬಿಟ್ಟಿಲ್ಲ. ಈ ಜೂನ್‌ನಲ್ಲೂ ಅದೇ ಮಾಸ್ತರರು ಇದ್ದಾರೆ.

ನಿಮ್ಮ ಮನೆಯವರೂ ಶಾಲೆ ಹುಡುಕುತ್ತಿದ್ದರೆ ಪ್ರವೇಶದ ದಿನ ಹೋಗಬೇಡಿ. ಆ ದಿನ ಅಂಗಳ ಗುಡಿಸಿ, ಬ್ಯಾಂಡ್ ಬಾರಿಸಿ, ಬಲೂನ್ ಕಟ್ಟಿರುತ್ತಾರೆ. ಶಾಲೆ ನಡೆಯುತ್ತಿರುವಾಗ, ಸಾಧಾರಣ ಮಂಗಳವಾರವೋ ಬುಧವಾರವೋ ಸಂಜೆ ನಾಲ್ಕೂವರೆಗೆ ಹೋಗಿ ಗೇಟಿನ ಹೊರಗೆ ಹತ್ತು ನಿಮಿಷ ನಿಲ್ಲಿ. ಮೈದಾನದಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಹುಡುಗಿಯರೆಷ್ಟು, ಹಳ್ಳಿಯವರೆಷ್ಟು, ಅವರ ನಡುವೆ ಸೀಟಿ ಹಿಡಿದು ನಿಂತವರು ಯಾರು ಎಂದು ಎಣಿಸಿಕೊಂಡು ಬನ್ನಿ. ಆಮೇಲೆ ಬೇಕಾದರೆ ಈಜುಕೊಳ ನೋಡಿ.